ಕಾಮಣ್ಣನ ಕಂಬಳಿ ನೋಡಲು

“ಒಂದೂರಾಗ ಒಂದು ಬೆಳ್ಳಾನ ಮನಿ ಇತ್ತಂತ,” ಎಂದಳು ಪ್ರಣಿತಾ.

“ಹ್ಞೂಂ,” ಎಂದಳು ಜನಾಬಾಯಿ.

“ಅಂಥಾ ದೊಡ್ಡ ಮನ್ಯಾಗ ಯಾರೂ ಉಣ್ಣಂಗಿಲ್ಲ, ಯಾರೂ ಮಲಗಂಗಿಲ್ಲ. ಸೋಮವಾರ ಬಾಗಲಾ ತಗಿಯಂಗಿಲ್ಲ. ಉಳದ ದಿನ ಮುಂಜಾನೆ ಹನ್ನೊಂದಕ್ಕ ತಗೀತಾರಂತ. ಒಳಗ ಹೋಗವ್ರು ದೊಡ್ಡ ಚೀಲ ಒಯ್ಯಬಾರದು, ನೀರು ಒಯ್ಯಬಾರದು, ತಿನ್ನೂದು ಒಯ್ಯಬಾರದು.”

“ರೊಟ್ಟಿ?”

“ರೊಟ್ಟಿನೂ ಇಲ್ಲ ಆಯಿ.”

“ಹಂಗಾರ ಅದು ರಾಕ್ಷಸನ ಮನೀನ ಬಿಡು. ದೇವರ ಮನಿ ಆಗಿದ್ರ ಬುತ್ತಿ ಬಿಚ್ಚಾಕ ಜಾಗಾ ಕೊಡ್ತಿದ್ರು. ಮುಂದ ಹೇಳು.”

ಪ್ರಣಿತಾ ನಕ್ಕು ಫೋನಿನ ಪರದೆಯನ್ನು ಬೆರಳಿನಿಂದ ಮೇಲೆ ತಳ್ಳಿದಳು. ಪುಣೆಯ ಆ ಕಲಾ ಸಂಗ್ರಹಾಲಯದವರು ನೋಡಲು ಬರುವವರಿಗೆಂದು ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದಿಟ್ಟಿದ್ದರು. ಅದನ್ನು ಮನಸ್ಸಿನಲ್ಲೇ ಮರಾಠಿ ಮಾಡಿಕೊಂಡು, ಆಮೇಲೆ ಆಯಿಯ ಕನ್ನಡಕ್ಕೆ ತರುವಾಗ ತಾನಾಗಿಯೇ ಅದೊಂದು ಕತೆಯಾಗಿ ಬಿಡುತ್ತಿತ್ತು. ಅವಳ ತಪ್ಪಲ್ಲ. ಅಕ್ಕಲಕೋಟೆಯ ಕಾಲೇಜಿನಲ್ಲಿ ಮರಾಠಿಯಲ್ಲಿ ಬಿ.ಎ. ಓದುತ್ತಿದ್ದ ಅವಳಿಗೆ ಕನ್ನಡವೆಂದರೆ ಓದುವ ಭಾಷೆ ಅಲ್ಲ, ಕತೆಯ ಭಾಷೆ. ಹುಟ್ಟಿದಾಗಿನಿಂದ ಆಯಿಯ ಸೆರಗಿನೊಳಗೆ ಮಲಗಿ ಹೂಂಗುಟ್ಟುತ್ತ ಕೇಳಿದ್ದು. ಈ ಎಂಟು ದಿನಗಳಿಂದ ಮಾತ್ರ ಅದು ತಿರುವುಮುರುವಾಗಿ, ಹೇಳುವವಳು ಮೊಮ್ಮಗಳು, ಮೊರದಲ್ಲಿ ಜೋಳ ಹಸನು ಮಾಡುತ್ತ ಹೂಂಗುಟ್ಟುವವಳು ಆಯಿ ಆಗಿದ್ದಳು.

“ಮ್ಯಾಲ ಹೋಗಾಕ ಲಿಫ್ಟ್ ಐತಿ. ಕುರ್ಚಿ ಬೇಕಂದ್ರ ಗಾಲಿಕುರ್ಚಿನೂ ಕೊಡ್ತಾರ.”

“ನಾ ಏನ ಬಾಣಂತಿ ಏನ, ಕುರ್ಚಿದಾಗ ನೂಕಿಸ್ಕೊಂಡ ಹೋಗಾಕ? ನಮ್ಮ ಹನ್ನೂರಿಂದ ಕುರಿ ಹಿಂದ ನಡಕೋತ ಸೊಲ್ಲಾಪುರಕ್ಕ ಹೋದಾಕಿ ನಾ.”

ಪ್ರಣಿತಾಳ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪ್ರಯಾಣ ಪೂರ್ತಿ ಸಿದ್ಧವಾಗಿತ್ತು. ಮಂಗಳವಾರ ಮಧ್ಯಾಹ್ನ ಅಕ್ಕಲಕೋಟೆಗೆ ಬಸ್ಸು, ಅಲ್ಲಿಂದ ಸೊಲ್ಲಾಪುರಕ್ಕೆ ಇನ್ನೊಂದು. ಆ ದಿನ ಸೋದರತ್ತೆ ಕಸ್ತೂರಬಾಯಿಯ ಮನೆಯಲ್ಲಿ ವಸತಿ. ಬುಧವಾರ ಬೆಳಿಗ್ಗೆ ಆರೂವರೆಗೆ ಪುಣೆಗೆ ಹುತಾತ್ಮಾ ರೈಲುಗಾಡಿ. ಗಾಡಿಯ ಹೆಸರಿನ ಪಕ್ಕದಲ್ಲಿ ಅವಳು ಕಿಟಕಿಗಳಿಲ್ಲದ ಒಂದು ಮನೆಯ ಚಿತ್ರ ಬರೆದು, ಅದರ ಗೋಡೆಯ ಮೇಲೆ ಒಂದು ಕಂಬಳಿ ತೂಗು ಹಾಕಿದ್ದಳು. ಕಂಬಳಿಯ ಅಂಚಿಗೆ ಎರಡು ಗೆರೆ.

ಆ ಕಂಬಳಿ ಅವಳ ಮುತ್ಯಾ, ಜನಾಬಾಯಿಯ ಗಂಡ ಕಾಮಣ್ಣನ ಕೈಯದು. ಅವನು ನೇಯ್ದ ಕೊನೆಯದು. ಮರಿಗಳ ಮೈಯಿಂದ ಮೊದಲ ಸಲ ಕತ್ತರಿಸಿದ ತುಪ್ಪಟ, ಜನಾಬಾಯಿ ತೆಗೆದ ನೂಲು, ಹುಣಸೆ ಬೀಜದ ಗಂಜಿ. ಎರಡು ಪಟ್ಟಿ ನೇಯ್ದು ಮಗ್ಗದಿಂದ ಇಳಿಸಿ, “ಹೊಲಿಗಿ ನಿಂದು” ಎಂದು ಹೆಂಡತಿಯ ಮುಂದೆ ಹಾಕಿದ್ದ. ನಟ್ಟ ನಡುವೆ ಹಾಯುವ ಆ ಹೊಲಿಗೆ ಅವಳದು. ಅದು ಮನೆ ಬಳಕೆಗಲ್ಲ, ಬೀರೋಬನ ಗದ್ದಿಗೆಗೆ. ವರ್ಷಕ್ಕೊಮ್ಮೆ ನಾಲ್ಕು ಮಡಿಕೆ ಮಾಡಿ ಹಾಸಿ, ಮೇಲೆ ಅರಿಶಿನದ ಭಂಡಾರ ಚೆಲ್ಲಿ ದೇವರನ್ನು ಕೂಡಿಸುತ್ತಿದ್ದರು. ಉಳಿದ ದಿನ ಜಂತಿಗೆ ಕಟ್ಟಿದ ಬಿದಿರಿನ ಮೇಲೆ. ಬಿಸಿಲಿಗೆ ಹಾಕಬೇಕೆಂದರೂ ತಲೆಯ ಮೇಲೆ ಹೊತ್ತು ಒಯ್ಯಬೇಕು. ಅದಕ್ಕೆ ಕಾಲು ತಾಕಕೂಡದು. ಪ್ರಣಿತಾ ಚಿಕ್ಕವಳಿದ್ದಾಗ ಒಮ್ಮೆ ಗೊತ್ತಿಲ್ಲದೆ ಅದರ ಅಂಚು ತುಳಿದದ್ದಕ್ಕೆ, ಎಂದೂ ಹೊಡೆಯದ ಮುತ್ಯಾ ಅವಳ ಮೀನಖಂಡಕ್ಕೆ ಬಾರಿಸಿದ್ದ.

ಮುತ್ಯಾ ತೀರಿಕೊಂಡ ಮೂರು ವರ್ಷಕ್ಕೆ ಶುಭಾಂಗಿ ಬಂದಳು. ಪುಣೆಯ ಕಲಾವಿದೆ, ಮೂವತ್ತೈದರ ಆಸುಪಾಸು, ಬಾಬ್ ಕಟ್ ಕೂದಲು. ಐದು ದಿನ ಇದೇ ಮನೆಯಲ್ಲಿ ಇದ್ದು, ಹಟ್ಟಿಯಲ್ಲಿ ಮರಿಗಳನ್ನು ಎತ್ತಿಕೊಂಡು, ಜನಾಬಾಯಿಯನ್ನು “ಆಜೀ ಆಜೀ” ಎನ್ನುತ್ತ ರೊಟ್ಟಿ ಬಡಿಯಲು ಕಲಿತಳು. ಹೋಗುವ ಹಿಂದಿನ ದಿನ ಜಂತಿಯ ಕಡೆ ಕೈ ತೋರಿಸಿ, ಅದನ್ನು ಕೊಡುವಿರಾ ಎಂದು ಕೇಳಿದಳು. ದೊಡ್ಡ ಗೋಡೆಯ ಮೇಲೆ ತೂಗು ಹಾಕುತ್ತೇನೆ, ಸಾವಿರಾರು ಜನ ನೋಡುತ್ತಾರೆ, ಕೆಳಗೆ ಕಾಮಣ್ಣನ ಹೆಸರು ಬರೆಸುತ್ತೇನೆ.

ಪ್ರಣಿತಾಳ ಅಪ್ಪ ಶಿವಶರಣ ಒಪ್ಪಿರಲಿಲ್ಲ. “ದೇವರಿಗೆ ಬಿಟ್ಟಿದ್ದು ಯವ್ವಾ. ಕೊಡಾಕ ಬರ್ತೈತೇನ?”

“ಮಾರಾಕ ಬರಂಗಿಲ್ಲ. ತೋರ್ಸಾಕ ಬರ್ತೈತಿ,” ಎಂದಿದ್ದಳು ಜನಾಬಾಯಿ. “ದೇವ್ರು ಇಷ್ಟ ವರ್ಷ ಅದರ ಮ್ಯಾಲ ಕುಂತಾನ, ನಿಮ್ಮಪ್ಪನ ಕೈ ಎಂಥಾದಂತ ಅವಗ ಗೊತ್ತೈತಿ. ಮಂದಿಗಿ ಗೊತ್ತಾಗೂದು ಬ್ಯಾಡೇನ? ನೀ ನೋಡಿದ್ರ ಸೊಲ್ಲಾಪುರದ ಚಾದರ ಹೊದ್ದು ಮಲಗ್ತಿ.”

ಹಾಗೆಂದು ಒಳಗಿನಿಂದ ಭಂಡಾರದ ಚೀಲ ತಂದು, ಶುಭಾಂಗಿಯ ಬಲ ಅಂಗೈಯಲ್ಲಿ ಒಂದು ಹಿಡಿ ಹಳದಿ ಪುಡಿ ಹಾಕಿದಳು. ಅದನ್ನು ಎತ್ತಿ ಹಿಡಿದು ಆಡಿದ ಮಾತಿನಿಂದ ಯಾರೂ ಹಿಂದೆ ಸರಿಯುವುದಿಲ್ಲ. ಹೊಲದ ಬದುವಿನ ಜಗಳಗಳೇ ಹಾಗೆ ಮುಗಿದದ್ದನ್ನು ಆ ಊರು ಕಂಡಿದೆ. ಒಂದೊಂದೇ ಮಾತನ್ನು ಜನಾಬಾಯಿ ಕನ್ನಡದಲ್ಲಿ ಹೇಳಿದಳು, ಪ್ರಣಿತಾ ಮರಾಠಿಯಲ್ಲಿ ಮುಟ್ಟಿಸಿದಳು. ಕಾಮಣ್ಣನ ಹೆಸರು ಬರೆಸಬೇಕು. ಇದಕ್ಕೆ ಕಾಲು ತಾಕಬಾರದು. ಶುಭಾಂಗಿ ಭಂಡಾರ ಎತ್ತಿ ಹ್ಞೂಂ ಎಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಜೊತೆಗೆ ಬಂದಿದ್ದ ಹುಡುಗ ಫೋಟೊ ತೆಗೆದ.

“ಒಂದ ಕಾಗದಾರ ಬರಸ್ಕೋ,” ಎಂದಿದ್ದ ಶಿವಶರಣ.

“ಭಂಡಾರ ಎತ್ತ್ಯಾಳ. ಅದರ ಮ್ಯಾಲ ಕಾಗದ ಕೇಳಿದ್ರ ನಮ್ಮನ್ನ ಏನಂತಾರ?”

ಆ ದಿನವೇ ಪ್ರಣಿತಾ ಆಯಿಗೆ ಮಾತು ಕೊಟ್ಟಿದ್ದಳು. ಅದು ಎಲ್ಲಿ ಏರುತ್ತದೋ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು.

ಈಗ ಎರಡು ವರ್ಷಗಳ ಮೇಲೆ ಅದು ಏರಿತ್ತು. ಸಂಕ್ರಾಂತಿಯವರೆಗೆ ಇರುತ್ತದೆ ಎಂದು ಶುಭಾಂಗಿ ಮೆಸೇಜು ಮಾಡಿದ್ದಳು, ಕೊನೆಗೆ ಒಂದು ಹೂವಿನ ಚಿತ್ರ.

ಜನಾಬಾಯಿ ಊರಿಗೆಲ್ಲ ಹೇಳಿದಳು. ನೀರಿನ ನಲ್ಲಿಯ ಹತ್ತಿರ ನೆರೆಮನೆಯ ಬೀರವ್ವ ಕೇಳಿದಳು: “ಏನ ಜನಕ್ಕಾ, ಪುಣೇಕ ಹೊಂಟೀಯಂತ? ಯಾರ್ನ ನೋಡಾಕ?”

“ಗಂಡನ್ನ ನೋಡಾಕ.”

“ಸತ್ತು ಐದ ವರ್ಷ ಆತು, ಪುಣೇದಾಗ ಅದಾನೇನ? ತಡೀ, ಚಂದನ್ನ ಹೆಂಗಸ್ರ ಬೆನ್ನ ಹತ್ತಿ ಹೋಗ್ಯಾನ!”

“ಹೋಗ್ಯಾನ ನೋಡು. ಗ್ವಾಡಿ ಮ್ಯಾಲ ಏರಿ ಕುಂತಾನ. ನಿನ್ನ ಗಂಡ ಪಂಚಾಯಿತಿ ಕಟ್ಟಿ ಬಿಟ್ಟು ಎಲ್ಲಿ ಏರ್ಯಾನ?”

ಕೊಡ ತುಂಬಿ ಹೊರಗೆ ಚೆಲ್ಲುವಷ್ಟು ಹೊತ್ತು ಇಬ್ಬರೂ ನಕ್ಕರು.

ಕಂಬಳಿ ಎಷ್ಟನೇ ಮಹಡಿಯಲ್ಲಿದೆ ಎಂದು ನೋಡಿಕೊಳ್ಳುವುದು ಒಂದೇ ಬಾಕಿ ಇತ್ತು. ಗುರುವಾರ ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ, ಸ್ವಾಮಿಯ ದರ್ಶನಕ್ಕೆ ಬಂದವರ ಗಂಟುಮೂಟೆಗಳ ನಡುವೆ ಕಟ್ಟೆಯ ಮೇಲೆ ಜಾಗ ಮಾಡಿಕೊಂಡು, ಪ್ರಣಿತಾ ಮತ್ತೆ ಆ ಪುಟ ತೆರೆದಳು. ಅವಳ ಕಲ್ಪನೆಯಲ್ಲಿ ಆ ಬಿಳಿ ಮನೆಯ ಗೋಡೆ ಆಕಾಶದಷ್ಟು ಎತ್ತರ. ಮೇಲೆ ಕಂಬಳಿ ಒಂದು ಕರಿಯ ಮೋಡ. ಕೆಳಗೆ ಪೇಟೆಯ ಜನ ಕತ್ತೆತ್ತಿ ನಿಂತಿದ್ದಾರೆ. ಹಾಗೆ ಕತ್ತೆತ್ತಿದವರ ನಡುವಿನಿಂದ ಆಯಿಯ ಕೈ ಹಿಡಿದು ಹೋಗುವುದನ್ನು ಅವಳು ಎಷ್ಟು ಸಲ ನೋಡಿದ್ದಳೆಂದರೆ, ಅದು ಆಗಲೇ ನಡೆದು ಹೋದ ಹಾಗಿತ್ತು.

ಮೂರನೇ ಮಹಡಿ, ಎಂದಿತ್ತು. ಶುಭಾಂಗಿಯ ಹೆಸರು ದಪ್ಪ ಅಕ್ಷರದಲ್ಲಿ. ಹನ್ನೊಂದು ಕಂಬಳಿಗಳು, ಸೊಲ್ಲಾಪುರ ಜಿಲ್ಲೆ. ಅದರ ಕೆಳಗೆ ಸೂಚನೆ: ನೋಡುಗರು ಪಾದರಕ್ಷೆ ಕಳಚಿಟ್ಟು ಕೃತಿಯ ಮೇಲೆ ನಡೆಯಬಹುದು, ಕೂಡಬಹುದು, ಮಲಗಬಹುದು.

ಅವಳು ಎರಡು ಸಲ ಓದಿದಳು. ಇಂಗ್ಲಿಷು ತಪ್ಪು ತಿಳಿದಿರಬಹುದೆಂದು ಮೂರನೆಯ ಸಲವೂ ಓದಿದಳು. ಆಮೇಲೆ ಫೋಟೊ ತೆರೆದುಕೊಂಡಿತು. ಬಿಳಿ ಕೋಣೆಯ ನೆಲ ತುಂಬ ಒಂದಕ್ಕೊಂದು ಹೊಲಿದ ಕಂಬಳಿಗಳು. ಒಬ್ಬ ಹುಡುಗ ಅಂಗಾತ ಮಲಗಿ ಫೋನು ನೋಡುತ್ತಿದ್ದ. ನಟ್ಟನಡುವಿನ ಕಂಬಳಿಯ ಅಂಚಿಗೆ ಎರಡು ಬಿಳಿ ಗೆರೆ. ಅದರ ಮೇಲೆ ಒಬ್ಬ ಹುಡುಗಿ ಒಂಟಿ ಕಾಲಿನಲ್ಲಿ ನಿಂತು ನಗುತ್ತಿದ್ದಳು. ಕಾಲಿನ ಉಗುರುಗಳಿಗೆ ನೀಲಿ ಬಣ್ಣ.

ಹನ್ನೂರಿನ ಬಸ್ಸು ಬಂದು ಹೋಯಿತು.

ಶುಭಾಂಗಿ ಎರಡನೇ ರಿಂಗಿಗೇ ಎತ್ತಿಕೊಂಡಳು. “ಅಗಂ ಪ್ರಣಿತಾ! ಆಜಿಯನ್ನು ಯಾವಾಗ ಕರಕೊಂಡು ಬರ್ತೀ?” ಎಂದು ಮರಾಠಿಯಲ್ಲಿ ಖುಷಿಯಾಗಿ ಕೇಳಿದಳು.

“ಅಕ್ಕಾ, ಕಂಬಳಿ ನೆಲದ ಮೇಲೆ ಇದೆ,” ಎಂದಳು ಪ್ರಣಿತಾ, ಅದೇ ಭಾಷೆಯಲ್ಲಿ.

“ಹ್ಞಾಂ, ಅದು ಅಲ್ಲಿಯವರ ಜೊತೆ ಮಾತಾಡ್ತಾ ಮಾಡ್ತಾ ಹಾಗಾಯ್ತು. ಗೋಡೆ ಮೇಲೆ ಹಾಕಿದರೆ ಅದು ಸತ್ತ ಹಾಗೆ ಕಾಣ್ತಿತ್ತು, ಗೊತ್ತಾ? ಕಂಬಳಿ ಅಂದರೆ ಮೈಗೆ ತಾಕಬೇಕಾದದ್ದು. ಎಲ್ಲರೂ ಚಪ್ಪಲಿ ತೆಗೆದೇ ಹೋಗ್ತಾರೆ. ಅದನ್ನು ಮಾತ್ರ ನಾನು ಹಟ ಹಿಡಿದು ಬರೆಸಿದೆ.”

“ಕಾಲು ತಾಕಬಾರದು ಅಂತ ಹೇಳಿದ್ದೆವು.”

“ಹೌದು, ಆದರೆ ಅದು... ಅಂದರೆ ಆಜಿಯ ಭಾವನೆ ಅಂತ ತಿಳಿದಿದ್ದೆ. ನೀನೂ ನಗ್ತಾನೇ ಹೇಳಿದ್ದೆ ಅಲ್ವಾ?”

ಪ್ರಣಿತಾಳ ಕಿವಿ ಬಿಸಿಯಾಯಿತು. “ನೀವು ಭಂಡಾರ ಎತ್ತಿದ್ದಿರಿ.”

“ಅದಂತೂ ನಾನು ಮರೆಯೋದೇ ಇಲ್ಲ ಪ್ರಣಿತಾ. ಎಷ್ಟು ಚೆಂದದ ಕ್ಷಣ. ನನ್ನ ಅಂಗೈಯ ಆ ಫೋಟೊನೇ ಕ್ಯಾಟಲಾಗಿನ ಮುಖಪುಟ, ನೀನು ನೋಡಿಲ್ವಾ?”

“ಮುತ್ಯಾನ ಹೆಸರು?”

“ಹನ್ನೊಂದು ಜನ ಇದ್ದಾರಲ್ಲ... ಕೆಲವರ ಹೆಸರು ಸಿಗಲಿಲ್ಲ. ಒಬ್ಬರದು ಹಾಕಿ ಒಬ್ಬರದು ಬಿಡೋದು ಸರಿಯಲ್ಲ ಅಂದರು.”

“ಹಾಗಾದರೆ ನಮ್ಮದು ನಮಗೆ ಕೊಡಿ.”

“ಈಗ ಅದು ಅವರ ಸಂಗ್ರಹದಲ್ಲಿದೆ,” ಎಂದಳು ಶುಭಾಂಗಿ ಮೆತ್ತಗೆ. “ನನ್ನ ಕೈಯಲ್ಲಿ ಇಲ್ಲ. ನೀವು ಬನ್ನಿ, ಆಜಿ ಕಣ್ಣಾರೆ ನೋಡಲಿ, ಅವರಿಗೆ ತಿಳಿಯುತ್ತದೆ.”

ನಗ್ತಾನೇ ಹೇಳಿದ್ದೆ. ಮುಂದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಪ್ರಣಿತಾಗೆ ಆ ಮಧ್ಯಾಹ್ನ ಪೂರ್ತಿ ನೆನಪಾಯಿತು. ಅವಳು ಮಾತು ಬಿಟ್ಟಿರಲಿಲ್ಲ, ಒಂದನ್ನೂ ಬಿಟ್ಟಿರಲಿಲ್ಲ. ಆದರೆ ಕಾಲಿನ ಮಾತು ಬಂದಾಗ, ಎದುರಿಗಿದ್ದವಳು ಇಷ್ಟು ಓದಿದವಳು, ಇದನ್ನೆಲ್ಲ ಏನಂದುಕೊಂಡಾಳೋ ಎಂದು ನಾಚಿಕೆಯಾಗಿ, ಮುದುಕರು ಹೀಗೇ ಅಲ್ಲವೇ ಎನ್ನುವ ಹಾಗೆ ಸಣ್ಣಗೆ ನಕ್ಕಿದ್ದಳು.

ಮನೆಗೆ ಬಂದವಳು, ಸಂಗ್ರಹಾಲಯದಲ್ಲಿ ರಿಪೇರಿ ನಡೆದಿದೆಯಂತೆ, ಸ್ವಲ್ಪ ದಿನ ಮುಚ್ಚಿರುತ್ತಾರಂತೆ ಎಂದಳು. ಜನಾಬಾಯಿ ಆಗಲೇ ಇಳಕಲ್ ಸೀರೆ ಬಿಚ್ಚಿ ಗಾಳಿಗೆ ಹಾಕಿದ್ದಳು. ಅದನ್ನು ಮತ್ತೆ ಮಡಿಸಿದಳು. ಶುಕ್ರವಾರ ಕೇಳಿದಳು, ರಿಪೇರಿ ಮುಗಿಯಿತೇ ಎಂದು. ಶನಿವಾರವೂ ಕೇಳಿದಳು. ಭಾನುವಾರ ಸಂಜೆ ಮೊರ ಹಿಡಿದು ಕೂತು, “ಕತಿ ಹೇಳು,” ಎಂದಳು.

“ಯಾವ್ದು?”

“ಬೆಳ್ಳಾನ ಮನೀದು. ಗ್ವಾಡಿ ಎಷ್ಟ ಎತ್ತರ ಐತಿ ಅಂದಿ?”

“ಎತ್ತರ ಐತಿ.”

“ನಿನ್ನ ಕೈಲೆ ತೋರ್ಸು.”

ಪ್ರಣಿತಾ ಕೈ ಎತ್ತಲು ಹೋದಳು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು.

“ಇಪ್ಪತ್ತ ವರ್ಷ ನಿನಗ ಸುಳ್ಳ ಕತಿ ಹೇಳೀನಿ ತಂಗೀ,” ಎಂದಳು ಜನಾಬಾಯಿ ಮೊರದಿಂದ ಕಣ್ಣು ತೆಗೆಯದೆ. “ಹೇಳಾಕಿ ಕಣ್ಣ ಎಲ್ಲಿ ಇಡ್ತಾಳಂತ ನನಗ ಗೊತ್ತಾಗಂಗಿಲ್ಲೇನ? ಏನಾಗೇತಿ, ಬೊಗಳು.”

ಪ್ರಣಿತಾ ಆ ಫೋಟೊ ತೆರೆದು ತೋರಿಸಿದಳು. ಜನಾಬಾಯಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಹೆಬ್ಬೆರಳು ತಾಕಿ ಚಿತ್ರ ದೊಡ್ಡದಾಯಿತು. ಪರದೆಯ ತುಂಬ ಬರೀ ಪಾದ, ನೀಲಿ ಉಗುರು.

“ಇದು ಯಾರ ಕಾಲ?”

“ಯಾರದೋ. ನೋಡಾಕ ಬಂದಾಕಿ.”

“ನೀ ಆವತ್ತು ಮರಾಠಿದಾಗ ಸರಿಯಾಗಿ ಹೇಳಿದ್ಯೋ ಇಲ್ಲೋ?”

ಆ ಪ್ರಶ್ನೆ ಬರುತ್ತದೆಂದು ಪ್ರಣಿತಾ ಎಣಿಸಿರಲಿಲ್ಲ. ಶುಭಾಂಗಿಯ ಮೇಲೆ ಬೀಳಬೇಕಾದ ಕಣ್ಣು ತನ್ನ ಮೇಲೆ ಬಿದ್ದಿತ್ತು. “ಹೇಳೀನಿ ಆಯಿ. ಬೀರೋಬನ ಆಣಿ, ಎಲ್ಲಾ ಹೇಳೀನಿ.”

“ಆಣಿ ಮಾಡಬ್ಯಾಡ,” ಎಂದಳು ಜನಾಬಾಯಿ. “ಸಾಕಾತು ಆಣಿ.”

ಕುರಿ ಹೊಡೆದುಕೊಂಡು ಬಂದ ಶಿವಶರಣನಿಗೆ ವಿಷಯ ತಿಳಿದಾಗ ಅಂಗಳವೆಲ್ಲ ಅವನ ದನಿಯೇ ಆಯಿತು. ಕಾಗದ ಬರಸ್ಕೋ ಅಂತ ನಾಯಿ ಹಂಗ ಒದರಿದ್ನಿ, ಯಾರ ಕೇಳಿದ್ರಿ? ನಾಲ್ಕು ಮಂದಿ ಕರಕೊಂಡು ಪುಣೇಕ ಹೋಗ್ತೀನಿ, ಹರಕೊಂಡಾರ ತರ್ತೀನಿ. ಹೀಗೆ ಏನೇನೋ. ಅವನು ಕೂಗಿ ಸುಸ್ತಾದ ಮೇಲೆ ಜನಾಬಾಯಿ, “ಎಲ್ಲಿಗೂ ಹೋಗೂದ ಬ್ಯಾಡ ನೀ,” ಎಂದಳು. “ಮಂಗಳವಾರ ನಾವಿಬ್ಬರ ಹೋಗ್ತೀವಿ.”

“ಮಂದಿ ತುಳಿಯೂದು ನೋಡಾಕೇನ ಯವ್ವಾ?”

“ಅವ ನೇಯ್ದಿದ್ದು ನೋಡಾಕ. ಈ ಹುಡುಗಿ ತೋರಸ್ತೀನಂತ ಮಾತ ಕೊಟ್ಟಾಳ. ಒಬ್ರದಾರ ಮಾತು ಉಳೀಲಿ.”

ಅದಾದ ಮೇಲೆ ಆಯಿ ಪ್ರಣಿತಾಳ ಜೊತೆ ಹೆಚ್ಚು ಮಾತಾಡಲಿಲ್ಲ. ಬಸ್ಸಿನಲ್ಲಿಯೂ ಇಲ್ಲ, ಕಸ್ತೂರಬಾಯಿಯ ಮನೆಯಲ್ಲಿಯೂ ಇಲ್ಲ. ಹುತಾತ್ಮಾ ಗಾಡಿಯಲ್ಲಿ ಇಡ್ಲಿ ಮಾರುವವನು ಬಂದಾಗ ಮಾತ್ರ, “ನೀ ತಿನ್ನು, ಮುಖಾ ಬಾಡೇತಿ,” ಎಂದಳು. ತಾನು ತಿನ್ನಲಿಲ್ಲ.

ಬಿಳಿ ಮನೆ ಬಿಳಿಯಾಗಿಯೇ ಇತ್ತು. ಆದರೆ ಪ್ರಣಿತಾ ಬರೆದ ಚಿತ್ರದಷ್ಟು ಎತ್ತರ ಇರಲಿಲ್ಲ. ಪಕ್ಕದಲ್ಲೇ ಕಾರಿನ ಶೋರೂಮು ಅದಕ್ಕಿಂತ ಎತ್ತರವಾಗಿತ್ತು. ಚೀಲ ಕೆಳಗೆ ಇಟ್ಟು, ಚೀಟಿ ತೆಗೆದುಕೊಂಡು, ಲಿಫ್ಟಿನಲ್ಲಿ ಮೂರನೇ ಮಹಡಿಗೆ ಬಂದರು. ಲಿಫ್ಟು ಏರುವಾಗ ಜನಾಬಾಯಿ ಮೊಮ್ಮಗಳ ತೋಳು ಹಿಡಿದುಕೊಂಡಳು. ಇಳಿದ ಕೂಡಲೇ ಬಿಟ್ಟಳು.

ಕೋಣೆಯ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಒಳಗೆ ನೆಲದ ತುಂಬ ಕರಿಯ, ಕಂದು, ಬೂದು ಕಂಬಳಿಗಳು. ಕಾಲೇಜಿನ ಮೂರ್ನಾಲ್ಕು ಹುಡುಗ ಹುಡುಗಿಯರು ಅಲ್ಲಲ್ಲಿ ಕೂತಿದ್ದರು. ಮೂಲೆಯಲ್ಲಿ ಸ್ಟೂಲಿನ ಮೇಲಿದ್ದ ಕಾವಲಿನ ಹೆಂಗಸು ಆಯಿಯ ಸೀರೆ, ಹಣೆಯ ಭಂಡಾರ ನೋಡಿ ಎದ್ದು ನಿಂತಳು. “ಯಾ ಆಜೀ, ಜಾ ಆತ. ಚಾಲತಂ, ಸಗಳೇ ಜಾತಾತ,” ಎಂದು ಅಕ್ಕರೆಯಿಂದ ಕರೆದಳು.

“ಏನಂತಾಳ?”

“ಒಳಗ ಹೋಗ್ರಿ, ಎಲ್ಲಾರೂ ಹೋಗ್ತಾರ, ನಡೀತೈತಿ ಅಂತಾಳ.”

ಜನಾಬಾಯಿ ಮೊದಲ ಕಂಬಳಿಯ ಅಂಚಿನಲ್ಲಿ ಕಾಲ್ಬೆರಳು ಒಳಗೆ ಮಡಿಚಿಕೊಂಡು ನಿಂತಳು. ಕಣ್ಣು ಕಿರಿದು ಮಾಡಿ ನೆಟ್ಟ ನೋಟ ನಡುವಿನವರೆಗೂ ಹೋಗಿ ಮಸುಕಾಗಿ ಹಿಂದಿರುಗಿತು. ಒಂದು ಕಣ್ಣಿಗೆ ಮಾತ್ರ ಆಪರೇಷನ್ ಆಗಿತ್ತು, ಇನ್ನೊಂದು ಹಾಗೇ ಇತ್ತು.

“ಯಾವ್ದು?”

“ನಡುವಿಂದು. ಎರಡ ಗೆರಿ ಐತಲ್ಲ, ಅದು.”

“ಇಲ್ಲಿಂದ ನನಗ ಗೆರಿ ಕಾಣವಲ್ದು. ಅದು ಹೌದೋ ಅಲ್ಲೋ.”

ಸುತ್ತು ಹಾಕಿ ಹೋಗಲು ಎಲ್ಲಿಯೂ ಖಾಲಿ ನೆಲ ಇರಲಿಲ್ಲ. ಗೋಡೆಯಿಂದ ಗೋಡೆಗೆ ಕಂಬಳಿಯೇ. ಮುತ್ಯಾನದರ ಹತ್ತಿರ ಹೋಗಬೇಕೆಂದರೆ ಯಾರದೋ ಮನೆಯ, ಯಾವ ದೇವರದೋ ಗೊತ್ತಿಲ್ಲದ ನಾಲ್ಕು ಕಂಬಳಿ ದಾಟಬೇಕು. ಗೋಡೆಯ ಮೇಲಿನ ಚಿಕ್ಕ ಫಲಕದಲ್ಲಿ ಏನಿದೆ ಎಂದು ಆಯಿ ಕೇಳಲಿಲ್ಲ, ಪ್ರಣಿತಾ ಓದಿ ಹೇಳಲಿಲ್ಲ.

ಜನಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮೊಣಕಾಲೂರಿ ಕೂತು ಎರಡೂ ಅಂಗೈಯನ್ನು ಕಂಬಳಿಯ ಮೇಲೆ ಇಟ್ಟಳು. ಕೂಸು ಅಂಬೆಗಾಲಿಡುವ ಹಾಗೆ ಒಂದು ಹೆಜ್ಜೆ ಮುಂದೆ ಸರಿದು, ಪಾದಗಳನ್ನು ಮೇಲೆ ಎತ್ತಿ ಹಿಡಿಯಲು ನೋಡಿದಳು. ಮುದಿ ಕಾಲು ನಿಲ್ಲಲಿಲ್ಲ.

“ಪ್ರಣೀ,” ಎಂದಳು ತಿರುಗಿ ನೋಡದೆ. “ಕಾಲ ಹಿಡಿ.”

ಪ್ರಣಿತಾ ಅವಳ ಹಿಂದೆ ಮೊಣಕಾಲೂರಿ, ಬಿರಿದ ಆ ಎರಡು ಹಿಮ್ಮಡಿಗಳನ್ನು ಅಂಗೈಗಳಲ್ಲಿ ತೆಗೆದುಕೊಂಡಳು. ಆಯಿ ಒಂದಿಷ್ಟು ಸರಿದಳು, ಅವಳೂ ಸರಿದಳು. ಕಂಬಳಿಯ ಒರಟು ಕೂದಲು ಮೊಣಕಾಲಿಗೆ ಚುಚ್ಚಿತು. ಹುಡುಗಿಯೊಬ್ಬಳು ಎದ್ದು ದಾರಿ ಬಿಟ್ಟಳು. ಇನ್ನೊಬ್ಬ ಇದೂ ಪ್ರದರ್ಶನದ ಭಾಗವೇ ಇರಬೇಕೆಂದು ಫೋನು ಎತ್ತಿ ಹಿಡಿದ. ಕಾವಲಿನ ಹೆಂಗಸು “ಅಗಂ ಬಾಯೀ, ಹೇ ಕಾಯ?” ಎಂದು, ಇದೇನು ಎನ್ನುವ ಹಾಗೆ ನೋಡುತ್ತ ಸ್ಟೂಲಿನ ಹತ್ತಿರವೇ ನಿಂತಳು. ಮೂರು ಕಂಬಳಿ ದಾಟುವಷ್ಟರಲ್ಲಿ ಆಯಿಯ ಉಸಿರು ಸಿಳ್ಳೆ ಹಾಕತೊಡಗಿತ್ತು. ಪ್ರಣಿತಾಳ ಪಾದಗಳು ಹಿಂದೆ ಕಂಬಳಿಯ ಮೇಲೆಯೇ ಎಳೆದುಕೊಂಡು ಬರುತ್ತಿದ್ದವು. ಅವನ್ನು ಹಿಡಿಯುವವರು ಯಾರೂ ಇರಲಿಲ್ಲ.

ಎರಡು ಬಿಳಿ ಗೆರೆ ದಾಟಿ ಜನಾಬಾಯಿ ಸರಿಯುವುದನ್ನು ನಿಲ್ಲಿಸಿದಳು. ಕೈಯನ್ನು ಉದ್ದಕ್ಕೆ ಸರಿಸುತ್ತ ಹೋಗಿ ನಡುವಿನ ಹೊಲಿಗೆಗೆ ಬೆರಳು ತಾಗಿಸಿದಳು. ತಾನು ಹಾಕಿದ ಒಂದೊಂದೇ ಟಾಕಿಯನ್ನು ಸವರಿದಳು. ಒಂದು ಕಡೆ ದಾರ ಸವೆದು ಎಳೆ ಎದ್ದಿತ್ತು. ಅದನ್ನು ಉಗುರಿನಿಂದ ಒಳಗೆ ತಳ್ಳಿದಳು.

“ಹೌದೇನ ಆಯಿ?”

“ಹೌದು,” ಎಂದಳು ಜನಾಬಾಯಿ. “ನೋಡಿದ್ನಿ.”

ಪ್ರಣಿತಾ ಆ ಪಾದಗಳನ್ನು ಹಿಡಿದೇ ಇದ್ದಳು.